ಅಗ್ಗ ಯಾಕೆ ಅಂತ ಕೇಳು

ಪುಟ್ಟಿ, ಮೊದಲ ಸಂಬಳ ಬಂದ ವಾರವೇ ಮೂರು ಚೀಲ ಬಟ್ಟೆ ಹೊತ್ತುಕೊಂಡು ಬಂದೆಯಂತೆ. ಎಲ್ಲ ಅರ್ಧ ಬೆಲೆ, ಎಲ್ಲ ಬ್ರ್ಯಾಂಡ್ ಮಾಲು. ನಿನ್ನ ಅಮ್ಮ ಫೋನಿನಲ್ಲಿ ಒಂದೇ ಸಮ ಗೊಣಗಿ, ಕೊನೆಗೆ "ನೀನಾದರೂ ಹೇಳಕ್ಕ ಅವಳಿಗೆ" ಅಂದಳು. ಹೇಳುತ್ತೇನೆ. ಆದರೆ ಅವಳು ಬಯಸಿದ್ದನ್ನು ಹೇಳುತ್ತೇನೆ ಅಂದುಕೊಳ್ಳಬೇಡ. ರಿಯಾಯಿತಿ ಅಂಗಡಿಯ ಕಡೆ ತಲೆಹಾಕಬೇಡ ಅನ್ನುವ ಜಾತಿಯ ದೊಡ್ಡಮ್ಮ ನಾನಲ್ಲ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯ ಕ್ವಾಲಿಟಿ ಸೆಕ್ಷನ್ನಿನಲ್ಲಿ ಕೂದಲು ನರೆಸಿಕೊಂಡವಳು. ಒಂದು ಅಂಗಿ ಹೊಲಿಯುವುದಕ್ಕೆ ಎಷ್ಟು ಬೀಳುತ್ತದೆ ಅಂತ ಬಲ್ಲವಳು. ಟ್ಯಾಗಿನಲ್ಲಿದ್ದ ಪೂರ್ತಿ ಬೆಲೆ ಕೊಟ್ಟು ಬಂದವರನ್ನು ಕಂಡರೆ ನನಗೆ ಇವತ್ತಿಗೂ ಸ್ವಲ್ಪ ಕನಿಕರವೇ.

"ಅಗ್ಗದ ಆಸೆಗೆ ಮುಗ್ಗಲು ಜೋಳ ತಂದರು" ಅಂತ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಹಿರಿಯರು ಮಾತುಮಾತಿಗೂ ಅನ್ನುತ್ತಿದ್ದರು. ಆ ಗಾದೆಯೊಂದಿಗೆ ನನ್ನದು ಹಳೆಯ ಜಗಳ. ಜೋಳ ಮುಗ್ಗಿದೆಯೋ ಇಲ್ಲವೋ ಅಂತ ಮೂಸಿ ನೋಡದೆ ತಂದದ್ದು ತಪ್ಪು, ಅಗ್ಗಕ್ಕೆ ತಂದದ್ದಲ್ಲ. ಅಗ್ಗದ ವಸ್ತು ಕೈಗೆ ಬಂದಾಗ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕಲು ಹೋಗಬೇಡ. ಇದು ಯಾಕೆ ಅಗ್ಗ ಅಂತ ಮೊದಲು ಕೇಳು. ಬೆಲೆ ತಾನಾಗಿ ಇಳಿಯುವುದಿಲ್ಲ. ಯಾರದೋ ಅಂದಾಜು ತಪ್ಪಿರುತ್ತದೆ, ಹಡಗು ತಪ್ಪಿರುತ್ತದೆ, ಕಾಲ ಕಳೆದಿರುತ್ತದೆ, ಇಲ್ಲವೇ ಹೊಲಿಗೆ ತಪ್ಪಿರುತ್ತದೆ. ಆ ಕಾರಣ ನಿನ್ನ ಕಣ್ಣಿಗೆ ಬಿದ್ದು, ಪರವಾಗಿಲ್ಲ ಅನ್ನಿಸಿದರೆ ಧಾರಾಳವಾಗಿ ಕೊಳ್ಳು. ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲವೋ, ಆ ಬೆಲೆ ಇಳಿದೇ ಇಲ್ಲ.

ನಮ್ಮ ಕಡೆಯ ಹೆಂಗಸರು ಇದನ್ನು ಚೆನ್ನಾಗಿ ಬಲ್ಲವರು. ಆಷಾಢದಲ್ಲಿ ಸೀರೆ ಅಂಗಡಿಗಳು ಬೆಲೆ ಇಳಿಸುತ್ತಿದ್ದುದು ಯಾಕೆ ಅಂತ ಗಾಂಧಿ ಬಜಾರಿನಿಂದ ಚಿಕ್ಕಪೇಟೆಯವರೆಗೆ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆ ತಿಂಗಳು ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸದಾಗಿ ಮದುವೆಯಾದ ಹುಡುಗಿ ತವರುಮನೆಯಲ್ಲಿ. ಗಿರಾಕಿ ಇಲ್ಲದೆ ನೊಣ ಹೊಡೆಯುತ್ತಾ ಕೂತ ಅಂಗಡಿಯವನಿಗೆ ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಮಾಲು ತರಿಸಬೇಕು. ಅದಕ್ಕೆ ದುಡ್ಡು ಬೇಕು, ಕಪಾಟಿನಲ್ಲಿ ಜಾಗ ಬೇಕು. ಹಾಗಾಗಿ ಹಳೆಯದನ್ನು ಲಾಭ ಬಿಟ್ಟು ಕೊಡುತ್ತಿದ್ದ. ನಿನ್ನ ಅಜ್ಜಿ ಆಷಾಢದಲ್ಲಿ ಕೊಂಡು, ಬೀರುವಿನಲ್ಲಿಟ್ಟು, ಶ್ರಾವಣದಲ್ಲಿ ಉಡುತ್ತಿದ್ದರು. ಅಂಗಡಿಯವನಿಗೂ ನೆಮ್ಮದಿ, ಅಜ್ಜಿಗೂ ನೆಮ್ಮದಿ. ಈಗ ಆಷಾಢದ ಸೇಲಿಗೆಂದೇ ಬೇರೆ ಮಾಲು ಇಳಿಸುವವರೂ ಇದ್ದಾರೆ. ಕಂಡುಹಿಡಿಯುವುದು ಸುಲಭ: ಜ್ಯೇಷ್ಠ ಮಾಸದಲ್ಲಿ ಒಂದು ಸಂಜೆ ಆ ಅಂಗಡಿಗೆ ಸುಮ್ಮನೆ ಹೋಗಿ ಬಾ. ಆಗ ಇದ್ದ ಸೀರೆಯೇ ಆಷಾಢದಲ್ಲೂ ಇದ್ದು ಬೆಲೆ ಇಳಿದಿದ್ದರೆ ಅದು ಆಷಾಢದ ರಿಯಾಯಿತಿ. ಆಗ ಇಲ್ಲದ ಸೀರೆ ದಿಢೀರನೆ ರಾಶಿ ಬಿದ್ದಿದ್ದರೆ, ಅದರ ಬೆಲೆ ಮೊದಲಿಂದಲೂ ಅಷ್ಟೇ.

ನಾವು ಹುಡುಗಿಯರಾಗಿದ್ದಾಗ ಜನತಾ ಸೀರೆ ಅಂತ ಬರುತ್ತಿತ್ತು. 1976ರಲ್ಲಿ ಕೇಂದ್ರ ಸರ್ಕಾರ ಕೈಮಗ್ಗದವರಿಗೆ ಕೆಲಸ ಸಿಗಲಿ, ಬಡವರಿಗೆ ಬಟ್ಟೆ ಸಿಗಲಿ ಅಂತ ಶುರು ಮಾಡಿದ ಯೋಜನೆ. ಮೀಟರಿಗಿಷ್ಟು ಅಂತ ಸರ್ಕಾರವೇ ಕೈಯಿಂದ ಹಾಕುತ್ತಿತ್ತು. ಒರಟು ಬಟ್ಟೆ, ಒಂದೇ ಥರದ ಅಂಚು, ಆದರೆ ಯಾಕೆ ಅಗ್ಗ ಅಂತ ಕೇಳಿದರೆ ಉತ್ತರವಿತ್ತು. ಖಾದಿ ಭಂಡಾರದಲ್ಲಿ ಗಾಂಧಿ ಜಯಂತಿ ಹೊತ್ತಿಗೆ ಕೊಡುವ ರಿಬೇಟಿಗೂ ಉತ್ತರವಿದೆ. ಮೈಸೂರು ಸಿಲ್ಕ್ ಸೀರೆ ಮಾಡುವ ಸರ್ಕಾರಿ ನಿಗಮ ಕೆಎಸ್ಐಸಿಯವರು ಆಗಾಗ ರಿಯಾಯಿತಿ ಘೋಷಿಸಿದಾಗಲೂ ಅಷ್ಟೇ: 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಸೀರೆ, ಒಂದೊಂದಕ್ಕೂ ಬೇರೆ ನಂಬರು, ಹೊಲೊಗ್ರಾಮ್. ಯಾವ ಷೋರೂಮಿಗೆ ಹೋದರೂ ಅದೇ ದರ, ಅದೇ ರಿಯಾಯಿತಿ. ಇದನ್ನು ಯಾಕೆ ಹೇಳಿದೆನೆಂದರೆ, "ಮೈಸೂರು ಸಿಲ್ಕ್, ಅರ್ಧ ಬೆಲೆ" ಅನ್ನುವ ಬೋರ್ಡು ಬೇರೆಲ್ಲೋ ಕಂಡರೆ ನೀನು ಒಳಗೆ ಹೋಗಿ ಬೆಲೆ ನೋಡಬೇಕಾಗಿಲ್ಲ. ಆ ನಂಬರು ಇದೆಯಾ ಅಂತ ಬಾಗಿಲಲ್ಲೇ ಕೇಳು.

ಈಗ ನನ್ನ ಸ್ವಂತ ಕಸುಬಿನ ವಿಷಯಕ್ಕೆ ಬರುತ್ತೇನೆ. ಎಕ್ಸ್‌ಪೋರ್ಟ್ ಸರ್‌ಪ್ಲಸ್. ಮಲ್ಲೇಶ್ವರದ ಎಂಟನೇ ಕ್ರಾಸ್, ಜಯನಗರ ನಾಲ್ಕನೇ ಬ್ಲಾಕ್, ಕಮರ್ಷಿಯಲ್ ಸ್ಟ್ರೀಟ್, ಆಚೆ ಮಾರತ್‌ಹಳ್ಳಿ, ಎಲ್ಲ ಕಡೆ ಈ ಬೋರ್ಡು ನೋಡಿರುತ್ತೀಯ. ಈ ಮಾಲು ಹೇಗೆ ಹುಟ್ಟುತ್ತದೆ ಅಂತ ಯಾರೂ ನಿಮಗೆ ಹೇಳಿಕೊಟ್ಟಿಲ್ಲ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಕಾರ್ಖಾನೆಗೆ ಹೊರದೇಶದ ಕಂಪನಿಯಿಂದ ಹತ್ತು ಸಾವಿರ ಅಂಗಿಗೆ ಆರ್ಡರು ಬಂತು ಅಂದುಕೋ. ಯಾರೂ ಸರಿಯಾಗಿ ಹತ್ತು ಸಾವಿರ ಕತ್ತರಿಸುವುದಿಲ್ಲ. ಸೂಜಿ ಮುರಿದು ಬಟ್ಟೆ ತೂತಾಗುತ್ತದೆ, ಎಣ್ಣೆ ಕಲೆ ಬೀಳುತ್ತದೆ, ಒಂದು ಥಾನಿನ ಬಣ್ಣ ಇನ್ನೊಂದಕ್ಕೆ ಹೊಂದುವುದಿಲ್ಲ. ಅದಕ್ಕೇ ನೂರಕ್ಕೆ ಮೂರೋ ಐದೋ ಹೆಚ್ಚು ಕತ್ತರಿಸುತ್ತಾರೆ. ಕೆಲಸ ಚೆನ್ನಾಗಿ ನಡೆದರೆ ಈ ಹೆಚ್ಚುವರಿ ಅಂಗಿಗಳು ಹಾಗೇ ಉಳಿಯುತ್ತವೆ. ಇದು ನಿಜವಾದ ಸರ್‌ಪ್ಲಸ್. ಅದರಲ್ಲಿ ಎಳ್ಳಷ್ಟೂ ದೋಷವಿಲ್ಲ. ಒಳ್ಳೆಯ ಕೆಲಸದಿಂದಲೇ ಮಿಕ್ಕಿದ್ದು ಅದು.

ಇನ್ನೊಂದು ಬಗೆ, ರದ್ದಾದ ಆರ್ಡರು. ಮಾಲು ಹೊರಡುವುದು ತಡವಾಯಿತು, ಅಲ್ಲಿ ಚಳಿಗಾಲವೇ ಮುಗಿಯಿತು, ಬೇಡ ಅಂದುಬಿಟ್ಟರು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಅಮೆರಿಕ, ಯುರೋಪಿನ ಅಂಗಡಿಗಳು ಬಾಗಿಲು ಮುಚ್ಚಿದಾಗ ಹೊಲಿದು ಪ್ಯಾಕಾಗಿದ್ದ ಮಾಲೂ ಹೀಗೆ ಬೇಡವಾಯಿತು. ಹಿಂದೆ ಕೋಟಾ ಅಂತ ಇನ್ನೊಂದು ರಗಳೆ ಇತ್ತು. 1974ರಿಂದ 2004ರ ಕೊನೆಯವರೆಗೆ ಯಾವ ದೇಶದಿಂದ ಎಷ್ಟು ಸಿದ್ಧ ಉಡುಪು ಬರಬಹುದು ಅಂತ ಶ್ರೀಮಂತ ದೇಶಗಳು ಮಿತಿ ಹಾಕಿದ್ದವು. ವರ್ಷದ ಕೋಟಾ ತುಂಬಿತೆಂದರೆ ಸಿದ್ಧವಾದ ಅಂಗಿಯೂ ಹಡಗು ಹತ್ತುವಂತಿರಲಿಲ್ಲ. ಬೆಂಗಳೂರಿನ ಒಂದು ತಲೆಮಾರು ಕಾಲೇಜಿಗೆ ಹಾಕಿಕೊಂಡು ಹೋದ ಎಕ್ಸ್‌ಪೋರ್ಟ್ ಅಂಗಿಗಳ ಹಿಂದೆ ಆ ಕೋಟಾದ ಪಾಲೂ ಇತ್ತು. ಮೂರನೆಯದು ರಿಜೆಕ್ಟ್. ನಮ್ಮಂಥವರು ಮೇಜಿನ ಮೇಲೆ ಹರವಿ, ತಿರುಗಿಸಿ ನೋಡಿ, ತಪ್ಪಿದ್ದ ಕಡೆ ಬಾಣದ ಗುರುತಿನ ಪುಟ್ಟ ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆ ತಳ್ಳಿದ್ದು. ಎಷ್ಟೋ ಸಲ ಆ ಬಾಣ ಅಂಗಡಿಗೂ ಹಾಗೇ ಬಂದುಬಿಡುತ್ತದೆ. ಕಂಡರೆ ಬೇಜಾರು ಮಾಡಿಕೊಳ್ಳಬೇಡ, ಸಂತೋಷಪಡು. ದೋಷ ಎಲ್ಲಿದೆ ಅಂತ ಯಾರೋ ಒಬ್ಬಳು ನಿನಗಾಗಿ ಆಗಲೇ ಹುಡುಕಿ ಇಟ್ಟಿದ್ದಾಳೆ. ಒಳಮಡಿಕೆಯಲ್ಲಿ ಹೊಲಿಗೆ ಒಂದೆರಡು ಕಡೆ ಜಾರಿದ್ದರೆ ನಮ್ಮ ಬೀದಿಯ ಟೈಲರ್ ಕೂತಲ್ಲೇ ಸರಿಮಾಡಿಕೊಡುತ್ತಾನೆ. ಕಂಕುಳ ಹತ್ತಿರ ಬಟ್ಟೆಯೇ ಹಿಂಜಿದ್ದರೆ ಬಿಟ್ಟುಬಿಡು.

ನಾಲ್ಕನೆಯದೂ ಒಂದಿದೆ. ಕಾರ್ಖಾನೆಯ ಬಾಗಿಲನ್ನೇ ಕಾಣದ ಮಾಲು, ಎಲ್ಲೋ ಹೊಲಿದು ದೊಡ್ಡ ಕಂಪನಿಯ ಹೆಸರು ಅಂಟಿಸಿದ್ದು. ಇದನ್ನು ಹಿಡಿಯುವುದು ಹೇಗೆ? ಕತ್ತಿನ ಲೇಬಲ್ ನೋಡು. ನಿಜವಾದ ಸರ್‌ಪ್ಲಸ್ ಮಾಲನ್ನು ಇಲ್ಲಿ ಮಾರುವ ಮೊದಲು ಸಾಮಾನ್ಯವಾಗಿ ಆ ಲೇಬಲನ್ನು ಕತ್ತರಿಸಿರುತ್ತಾರೆ, ಇಲ್ಲವೇ ಮಾರ್ಕರಿನಲ್ಲಿ ಗೀಚಿರುತ್ತಾರೆ. ಹೊರದೇಶದ ಕಂಪನಿಗಳು ಆ ಷರತ್ತು ಹಾಕಿರುತ್ತವೆ. ಆದರೆ ಪಕ್ಕದ ಒಳಹೊಲಿಗೆಯಲ್ಲಿ ಸೇರಿಸಿ ಹೊಲಿದ, ಒಗೆಯುವ ವಿಧಾನ ಬರೆದ ಪಟ್ಟಿ ಹಾಗೇ ಉಳಿದಿರುತ್ತದೆ. ಅಮೆರಿಕಕ್ಕೆ ಹೋಗಬೇಕಿದ್ದ ಮಾಲಾದರೆ ಅದರಲ್ಲಿ ಆರ್‌ಎನ್ ಅನ್ನುವ ಅಕ್ಷರ, ಜೊತೆಗೊಂದು ನಂಬರು ಕಾಣುವುದು ಹೆಚ್ಚು. ನಕಲಿ ಮಾಲಿನಲ್ಲಿ ಇದರ ತಿರುಗುಮುರುಗು: ಕತ್ತಿನಲ್ಲಿ ಹೊಳೆಯುವ ದೊಡ್ಡ ಲೇಬಲ್, ಒಳಗೆ ಪಟ್ಟಿಯೇ ಇಲ್ಲ. ಇನ್ನೊಂದು ಗುರುತು ಸೈಜು. ಮಿಕ್ಕಿದ ಮಾಲು ಸಾಮಾನ್ಯವಾಗಿ ಮುರುಕು ಸೈಜಿನಲ್ಲೇ ಇರುತ್ತದೆ. ಒಂದು ಬಣ್ಣದಲ್ಲಿ ತೀರ ದೊಡ್ಡದು ನಾಲ್ಕು, ತೀರ ಚಿಕ್ಕದು ಎರಡು, ಮಧ್ಯದ್ದು ಇಲ್ಲವೇ ಇಲ್ಲ. ಎಲ್ಲ ಬಣ್ಣ, ಎಲ್ಲ ಸೈಜು ಅಚ್ಚುಕಟ್ಟಾಗಿ ಜೋಡಿಸಿಟ್ಟು, ಕೇಳಿದಷ್ಟು ತೆಗೆದುಕೊಡುವ ಅಂಗಡಿಯವನು "ಸರ್‌ಪ್ಲಸ್ ಮೇಡಂ" ಅಂದರೆ ನಕ್ಕು ಮುಂದಕ್ಕೆ ಹೋಗು.

ಸೈಜಿನ ಮಾತು ಬಂತಲ್ಲ, ಅಕ್ಷರ ನಂಬಬೇಡ. ಅಮೆರಿಕದವರ ಮೀಡಿಯಂ ನಮ್ಮಲ್ಲಿ ಲಾರ್ಜ್ ಆಗುವುದುಂಟು. ಚೀಲದಲ್ಲಿ ಒಂದು ಟೇಪು ಇಟ್ಟುಕೊಂಡಿರು. ನಿನಗೆ ಸರಿಯಾಗಿ ಕೂರುವ ಅಂಗಿಯೊಂದರ ಎದೆ, ಭುಜ, ಉದ್ದ ಅಳೆದು ಬರೆದಿಟ್ಟುಕೋ. ಬೇರೆಯವರಿಗೆ ಕೊಳ್ಳುವಾಗಂತೂ ಇದು ಬಿಟ್ಟರೆ ದಾರಿಯಿಲ್ಲ.

ಬಟ್ಟೆ ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ಒಳಮೈ ತಿರುಗಿಸು. ಅಂಗಡಿಯಲ್ಲಿ ಹಾಗೆ ಮಾಡುವುದಕ್ಕೆ ಸಂಕೋಚ ಬೇಡ, ಮಲ್ಲೇಶ್ವರದ ಹೆಂಗಸರು ಬದನೆಕಾಯಿಯನ್ನು ತಿರುಗಿಸಿ ನೋಡುವ ಧೈರ್ಯದಲ್ಲೇ ನೋಡು. ಓವರ್‌ಲಾಕ್ ಹೊಲಿಗೆ ಒತ್ತಾಗಿರಬೇಕು, ದಾರದ ಬಾಲಗಳು ನೇತಾಡಬಾರದು. ಹೊಲಿಗೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆ; ನಡುವೆ ಬೆಳಕು ಕಂಡರೆ ಒಂದು ಮಳೆಗಾಲ ದಾಟುವುದಿಲ್ಲ. ಟೀ-ಷರ್ಟಾದರೆ ಭುಜದ ಎರಡು ತುದಿ ಹಿಡಿದು ಇಳಿಬಿಡು. ಪಕ್ಕದ ಹೊಲಿಗೆ ನೆಟ್ಟಗೆ ಕೆಳಗಿಳಿಯಬೇಕು. ಅದು ಹೊಟ್ಟೆಯ ಕಡೆಗೆ ತಿರುಗಿದ್ದರೆ ಒಗೆದ ಮೇಲೆ ಇನ್ನೂ ತಿರುಗುತ್ತದೆ, ಇಸ್ತ್ರಿ ಹಾಕಿ ಸರಿಮಾಡುವ ಕಾಯಿಲೆಯಲ್ಲ ಅದು. ಪಟ್ಟೆ ಅಂಗಿಯಾದರೆ ಜೇಬಿನ ಪಟ್ಟೆ ಎದೆಯ ಪಟ್ಟೆಗೆ ಸೇರುತ್ತದೆಯಾ ನೋಡು. ಸೇರಿಸಿ ಕತ್ತರಿಸಲು ಬಟ್ಟೆ ಹೆಚ್ಚು ಹಿಡಿಯುತ್ತದೆ. ಅಲ್ಲಿ ಉಳಿಸಿದವನು ಕಾಣದ ಕಡೆಯೂ ಉಳಿಸಿರುತ್ತಾನೆ. ಕಾಜಾ ನೋಡು, ಗುಂಡಿ ಒಂದು ಸಲ ಹಾಕಿ ತೆಗೆ. ಕಡುಬಣ್ಣವಾದರೆ ಕರ್ಚೀಫಿನ ಮೂಲೆ ಒದ್ದೆ ಮಾಡಿ ಒಳಮಡಿಕೆಯಲ್ಲಿ ಉಜ್ಜಿ ನೋಡು. ಇಷ್ಟಕ್ಕೆಲ್ಲ ಎರಡು ನಿಮಿಷ ಸಾಕು. ಬಿಲ್ಲಿಂಗ್ ಕ್ಯೂನಲ್ಲಿ ನಿಲ್ಲುವುದು ಅದಕ್ಕಿಂತ ಹೊತ್ತು.

ಇನ್ನು ನೀನು ಹೋಗಿದ್ದೆಯಲ್ಲ, ಆ ಥರದ ಮಹಡಿಗಟ್ಟಲೆ ರಿಯಾಯಿತಿ ಮಳಿಗೆ. ಇದರ ಮೂಲ ಅಮೆರಿಕದಲ್ಲಿದೆ. 1909ರಲ್ಲಿ ಬಾಸ್ಟನ್ನಿನ ಎಡ್ವರ್ಡ್ ಫೈಲೀನ್ ಅನ್ನುವವನು ತನ್ನ ಮನೆತನದ ಅಂಗಡಿಯ ನೆಲಮಾಳಿಗೆಯಲ್ಲಿ ಒಂದು ಪದ್ಧತಿ ತಂದ. ಮಾಲು ಬಂದ ತಾರೀಖನ್ನು ಅದರ ಮೇಲೇ ಬರೆಯುವುದು. 12 ದಿನ ಕಳೆದರೆ ಕಾಲು ಭಾಗ ಬೆಲೆ ಇಳಿಯುತ್ತದೆ, 18 ದಿನಕ್ಕೆ ಅರ್ಧ, 24 ದಿನಕ್ಕೆ ಮುಕ್ಕಾಲು. 30 ದಿನವಾದರೂ ಹೋಗದಿದ್ದರೆ ಧರ್ಮಕ್ಕೆ. ಗಿರಾಕಿ ಮತ್ತು ಕ್ಯಾಲೆಂಡರು ಪೈಪೋಟಿಗಿಳಿದ ಹಾಗೆ: ಇನ್ನೊಂದು ವಾರ ಕಾದರೆ ಅಗ್ಗ, ಅಷ್ಟರಲ್ಲಿ ಪಕ್ಕದ ಮನೆಯವಳು ಎತ್ತಿಕೊಂಡು ಹೋದರೆ? ಆದರೂ ಎಷ್ಟು ನೇರ ನೋಡು. ಯಾಕೆ ಅಗ್ಗ ಅಂತ ಕೇಳಬೇಕಾಗಿಯೇ ಇರಲಿಲ್ಲ, ಟ್ಯಾಗಿನ ತಾರೀಖೇ ಹೇಳುತ್ತಿತ್ತು. 2011ರ ಕೊನೆಗೆ ಆ ಅಂಗಡಿಗಳು ಮುಚ್ಚಿದವು. ಅದೇ ದಾರಿ ಹಿಡಿದ ಮಾರ್ಷಲ್ಸ್, ಟಿಜೆ ಮ್ಯಾಕ್ಸ್, ರಾಸ್‌ಗಳ ಹೆಸರು ನಮ್ಮ ಬಸವನಗುಡಿಯವರಿಗೆ ಬಾಯಿಪಾಠ. ಆರು ತಿಂಗಳು ಮಗನ ಮನೆಗೆ, ಮಗಳ ಬಾಣಂತನಕ್ಕೆ ಅಂತ ಹೋದ ಮಾವಂದಿರು, ಅತ್ತೆಯರು ವಾಪಸು ಬರುವಾಗ ಸೂಟ್‌ಕೇಸು ತುಂಬಿಸುವುದು ಅಲ್ಲೇ. ಸೂಟ್‌ಕೇಸನ್ನೂ ಅಲ್ಲೇ ಕೊಳ್ಳುತ್ತಾರೆ. ಬೇರೆ ಅಂಗಡಿಗಳ ಕೈಯಲ್ಲಿ ಮಿಕ್ಕಿದ್ದು, ತಯಾರಕರು ಹೆಚ್ಚು ಮಾಡಿಬಿಟ್ಟದ್ದು, ಕಳೆದ ಸೀಸನ್ನಿನದು, ಇಂಥ ಮಾಲನ್ನು ಒಟ್ಟಿಗೆ ಎತ್ತಿ ಕಡಿಮೆಗೆ ಮಾರುವುದು ಅವರ ವ್ಯಾಪಾರ. ಇವತ್ತು ಕಂಡದ್ದು ನಾಳೆ ಇರುವುದಿಲ್ಲ.

ಇಲ್ಲಿ ಆ ಮಾದರಿಯನ್ನು ದೊಡ್ಡದಾಗಿ ಮಾಡಿದ್ದು ಫ್ಯೂಚರ್ ಗ್ರೂಪಿನ ಬ್ರ್ಯಾಂಡ್ ಫ್ಯಾಕ್ಟರಿ. ಆ ಗ್ರೂಪು ಸಾಲದಲ್ಲಿ ಮುಳುಗಿ, 2022ರಲ್ಲಿ ಅದರ ಎಷ್ಟೋ ಮಳಿಗೆಗಳು ರಿಲಯನ್ಸ್ ಕೈಗೆ ಹೋದವು. ಟಾಟಾದವರ ಜೂಡಿಯೋದಂಥದ್ದು ಈ ಜಾತಿಗೆ ಸೇರಿದ್ದಲ್ಲ, ಗೊಂದಲ ಮಾಡಿಕೊಳ್ಳಬೇಡ. ಅಲ್ಲಿ ಇಳಿಸಿದ ಬೆಲೆ ಅಂತ ಇಲ್ಲ, ಹಾಕಿದ್ದೇ ಕಡಿಮೆ ಬೆಲೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, ಈ ಬಟ್ಟೆಗೆ ಈ ದುಡ್ಡು ಸರಿಯಾ ಅಂತ. ನನಗೇನೋ ಅದು ಹೆಚ್ಚು ಮರ್ಯಾದೆಯ ವ್ಯಾಪಾರ ಅನ್ನಿಸುತ್ತದೆ. ಆದರೆ ಜನ ಮರ್ಯಾದೆಯ ಬೆಲೆಯನ್ನು ಯಾವಾಗಲೂ ಮೆಚ್ಚುವುದಿಲ್ಲ. ಅಮೆರಿಕದ ಜೆಸಿ ಪೆನ್ನಿ ಅನ್ನುವ ಹಳೆಯ ದೊಡ್ಡ ಮಳಿಗೆಯವರು 2012ರಲ್ಲಿ ಕೂಪನ್ನು, ಸೇಲು ಎಲ್ಲ ಕಿತ್ತುಹಾಕಿ, ಇದು ಇಷ್ಟು ಅಂತ ಒಂದೇ ಬೆಲೆ ಹಾಕಿದರು. ಗಿರಾಕಿಗಳು ಓಡಿಹೋದರು. ಒಂದೇ ವರ್ಷದಲ್ಲಿ ವ್ಯಾಪಾರ ನೂರಕ್ಕೆ ಇಪ್ಪತ್ತೈದು ಕುಸಿದು, ಮರುವರ್ಷದ ಏಪ್ರಿಲ್‌ನಲ್ಲಿ ಆ ಬದಲಾವಣೆ ತಂದ ಮುಖ್ಯಸ್ಥ ಕೆಲಸ ಕಳೆದುಕೊಂಡ. ಜನಕ್ಕೆ ಹೊಡೆದುಹಾಕಿದ ಬೆಲೆ ಕಾಣಬೇಕು. 1,999ರ ಮೇಲೆ ಗೀಟು ಎಳೆದು 799 ಅಂತ ಬರೆದರೆ ಸಿಗುವ ಖುಷಿ ಬರೀ 799 ಅಂತ ಬರೆದರೆ ಸಿಗುವುದಿಲ್ಲ.

ಆ 1,999 ಬರೆದವರು ಯಾರು? ಎಂಆರ್‌ಪಿ ಅನ್ನುವುದನ್ನು ಸರ್ಕಾರ ಕೊಟ್ಟ ಬೆಲೆ ಅಂತ ನಿನ್ನ ವಯಸ್ಸಿನವರು ನಂಬಿದ್ದೀರಿ. ಅದನ್ನು ಮುದ್ರಿಸುವವನು ಮಾಲು ತಯಾರಿಸಿದವನೇ. ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಅನ್ನುತ್ತದೆ ಕಾನೂನು. ಒಂದು ಅಂಗಿಗೆ ಎಷ್ಟು ಎತ್ತರದ ಎಂಆರ್‌ಪಿ ಹಾಕಬಹುದು ಅನ್ನುವುದಕ್ಕೆ ಮೇಲ್ಮಿತಿ ಇಲ್ಲ. ಎತ್ತರಕ್ಕೆ ಬರೆದು ಇಳಿಸಿದರೆ ಇಳಿತವೂ ದೊಡ್ಡದೇ ಕಾಣುತ್ತದೆ. ಇಲ್ಲಿ ನಿನಗೊಂದು ಕೈಚಳಕ ಹೇಳಿಕೊಡುತ್ತೇನೆ. ಟ್ಯಾಗಿನಲ್ಲಿ ಎಂಆರ್‌ಪಿಯ ಆಸುಪಾಸಿನಲ್ಲೇ ಸಣ್ಣ ಅಕ್ಷರದಲ್ಲಿ ತಯಾರಾದ ಅಥವಾ ಪ್ಯಾಕ್ ಮಾಡಿದ ತಿಂಗಳು, ವರ್ಷ ಇರುತ್ತದೆ. ಹೆಚ್ಚಿನ ಕಂಪನಿಗಳು ಹಾಕುತ್ತವೆ. ಒಂದೂವರೆ ವರ್ಷ ಹಿಂದಿನ ತಿಂಗಳಿದ್ದು ಅರ್ಧ ಬೆಲೆ ಅಂದರೆ ಸರಿ, ಕಳೆದ ಸೀಸನ್ನಿನ ಮಾಲು, ಕಾರಣ ಸಿಕ್ಕಿತು. ಹೋದ ತಿಂಗಳು ತಯಾರಾದದ್ದಕ್ಕೆ ಈ ತಿಂಗಳೇ ನೂರಕ್ಕೆ ಅರವತ್ತು ರಿಯಾಯಿತಿ ಅಂದರೆ ಅದು ಪೂರ್ತಿ ಬೆಲೆಗೆ ಒಂದು ದಿನವೂ ಯಾವ ಅಂಗಡಿಯಲ್ಲೂ ನೇತಾಡಿಲ್ಲ. ಹಾಗಂತ ಅದನ್ನು ಕೊಳ್ಳಬಾರದು ಅಂತಲ್ಲ. ಗೀಟು ಎಳೆದ ಅಂಕಿಯ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ, ಉಳಿದ ಬೆಲೆಗೆ ಇದು ಬೇಕಾ ಅಂತ ನೋಡು.

ಅದೇ ತಾರೀಖು ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ. ಹತ್ತಿ ಬಟ್ಟೆ, ಟವಲು, ಹಾಸಿಗೆ ಹೊದಿಕೆ, ಸ್ಟೀಲು ಪಾತ್ರೆ ಗೋದಾಮಿನಲ್ಲಿ ಎರಡು ವರ್ಷ ಕೂತರೂ ಏನೂ ಆಗುವುದಿಲ್ಲ. ಇವನ್ನು ಹಳೆಯ ಸ್ಟಾಕಿನಲ್ಲಿ ಕೊಳ್ಳುವವಳೇ ಜಾಣೆ. ರಬ್ಬರು, ಎಲಾಸ್ಟಿಕ್, ಅಂಟು ಇರುವ ಮಾಲು ಹಾಗಲ್ಲ. ಷೂಗಳಲ್ಲಿ ಪಿಯು ಸೋಲ್ ಅಂತ ಬರುತ್ತದೆ. ಹಾಕಿಕೊಳ್ಳದೆ ಡಬ್ಬದಲ್ಲಿ ಇಟ್ಟಿದ್ದರೂ ಗಾಳಿಯ ತೇವಕ್ಕೆ ಅದು ವರ್ಷಗಳಲ್ಲಿ ಒಳಗೊಳಗೇ ಸಡಿಲವಾಗುತ್ತದೆ. ಮುಕ್ಕಾಲು ರಿಯಾಯಿತಿಯಲ್ಲಿ ಬಂದ ಹೊಸ ಷೂ ಲಾಲ್‌ಬಾಗಿನ ವಾಕಿಂಗಿನ ನಡುವೆ ಪುಡಿಪುಡಿಯಾಗಿ ಉದುರುವುದು ಇದಕ್ಕೇ. ಷೂ ಡಬ್ಬದ ತಾರೀಖು ನೋಡದೆ ಕೊಳ್ಳಬೇಡ. ಸನ್‌ಸ್ಕ್ರೀನು, ಕ್ರೀಮುಗಳಿಗೆ ಇರುವ ಕೊನೆಯ ತಾರೀಖು ಹೇಗೂ ನೋಡುತ್ತೀಯ. ಕುಕ್ಕರಾದರೆ ಐಎಸ್ಐ ಗುರುತು.

ಬಿಲ್ಲಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. ಅದರ ಮೇಲೆ ರಿಯಾಯಿತಿ ಘೋಷಿಸಿ, ಕೌಂಟರಿನಲ್ಲಿ ಮತ್ತೆ ತೆರಿಗೆ ಸೇರಿಸುವುದು ಸರಿಯಲ್ಲ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ. ಕೈಚೀಲಕ್ಕೆ ದುಡ್ಡು ಅನ್ನುವುದನ್ನು ಮೊದಲೇ ತಿಳಿಸದೆ, ಬಿಲ್ ಮಾಡುವಾಗ ಹಾಕುವುದು ತಪ್ಪು ಅಂತ 2020ರ ಡಿಸೆಂಬರಿನಲ್ಲಿ ಅದೇ ಆಯೋಗ ಹೇಳಿತು. ಅದಿರಲಿ, ನೀನು ಮನೆಯಿಂದ ಚೀಲ ತೆಗೆದುಕೊಂಡು ಹೋಗು. "ಒಮ್ಮೆ ಮಾರಿದ ಮಾಲು ವಾಪಸಿಲ್ಲ" ಅನ್ನುವ ಬೋರ್ಡಿಗೆ ಹೆದರಬೇಡ. ಮನಸ್ಸು ಬದಲಾಯಿತು ಅಂದರೆ ಅವರು ವಾಪಸು ತೆಗೆದುಕೊಳ್ಳಬೇಕಾಗಿಲ್ಲ, ಅದು ಬೇರೆ ಮಾತು. ಆದರೆ ಮಾಲೇ ದೋಷದ್ದಾಗಿದ್ದರೆ ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸು ಪಡೆಯಲು ಒಲ್ಲೆ ಅನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಇಂಥದೇ ದೋಷ ಇದೆ ಅಂತ ಮೊದಲೇ ಹೇಳಿ, ಅದಕ್ಕೇ ಬೆಲೆ ಇಳಿಸಿ ಕೊಟ್ಟದ್ದಾದರೆ ವಾದ ಮಾಡಲು ಹೋಗಬೇಡ. ಬಿಲ್ಲು ಇಟ್ಟುಕೋ. ಗ್ರಾಹಕ ಸಹಾಯವಾಣಿಯ ನಂಬರು 1915.

ಹೆಚ್ಚು ಹೇಳಬೇಕಾದದ್ದು "ಎರಡು ಕೊಂಡರೆ ಎರಡು ಉಚಿತ"ದ ಬಗ್ಗೆ. ಮಂತ್ರಿ ಸ್ಕ್ವೇರಿನಲ್ಲಿ ನೀನು ಅಡ್ಡಾಡುತ್ತೀಯಲ್ಲ, 2010ರಲ್ಲಿ ಅದು ತೆರೆಯುವ ಮೊದಲು ಆ ಜಾಗದಲ್ಲಿ ರಾಜಾ ಮಿಲ್ ಇತ್ತು. ಅಲ್ಲಿ ನೂಲು ತೆಗೆಯುತ್ತಿದ್ದ ಕಾಲದಲ್ಲಿ ಒಂದು ಮನೆಗೆ ವರ್ಷಕ್ಕೆ ಬರುತ್ತಿದ್ದ ಬಟ್ಟೆ ನಿನ್ನ ಒಂದು ಭಾನುವಾರದ ಬಿಲ್ಲಿನಷ್ಟು ಇರಲಿಲ್ಲ. ಈಗಲೂ ಹಾಗೇ ಇರಬೇಕು ಅಂತ ನಾನು ಹೇಳುತ್ತಿಲ್ಲ, ಆ ಕಾಲವೇನೂ ಬಂಗಾರದ್ದಲ್ಲ. ಇದ್ದ ಎರಡು ಲಂಗದಲ್ಲಿ ಒಂದು ಒಣಗುವುದನ್ನು ಕಾಯುತ್ತಾ ಕೂರುವ ಕಷ್ಟ ನನಗೆ ಗೊತ್ತು. ಆದರೆ ನಾಲ್ಕು ಅಂಗಿಯ ಆಫರಿನಲ್ಲಿ ಅಗ್ಗಕ್ಕೆ ಕಾರಣ ಬಟ್ಟೆಯಲ್ಲಿಲ್ಲ, ನಿನ್ನಲ್ಲಿದೆ. ನೀನು ಒಂದು ಕೊಳ್ಳಲು ಬಂದವಳು ನಾಲ್ಕು ಕೊಳ್ಳುತ್ತೀಯ ಅಂತ ಅವರು ಲೆಕ್ಕ ಹಾಕಿದ್ದಾರೆ. ನಾಲ್ಕಕ್ಕೆ ಕೊಟ್ಟ ದುಡ್ಡನ್ನು ನೀನು ನಿಜವಾಗಿ ಹಾಕಿಕೊಳ್ಳುವ ಅಂಗಿಗಳಿಗೆ ಭಾಗಿಸು, ನಾಲ್ಕಕ್ಕಲ್ಲ. ಮೂರು ಸಾವಿರದ ಬಿಲ್ ಮಾಡಿದರೆ ಸಾವಿರದ ಕೂಪನ್ ಅಂದಾಗಲೂ ಇದೇ: ಎರಡು ಸಾವಿರದ ಇನ್ನೂರಕ್ಕೆ ನಿಂತಿದ್ದ ಬುಟ್ಟಿಗೆ ಎಂಟುನೂರು ರೂಪಾಯಿಯ ಕಸ ಹುಡುಕುತ್ತಾ ತಿರುಗುವ ಹೆಂಗಸರನ್ನು ನೋಡಿ ನನಗೆ ನಗು ಬರುತ್ತದೆ. ಕೂಪನ್ನಿನ ಕೊನೆಯ ತಾರೀಖಿಗೆ ಅವರೇ ಮತ್ತೆ ಬರುತ್ತಾರೆ.

ಉಡುಗೊರೆಯನ್ನು ರಿಯಾಯಿತಿಯಲ್ಲಿ ಕೊಂಡರೆ ಅವಮಾನ ಅಂತ ನಿನ್ನ ಅಮ್ಮ ಅಂದುಕೊಂಡಿದ್ದಾಳೆ. ನಮ್ಮ ಬೀದಿಗಳಲ್ಲಿ ವರಮಹಾಲಕ್ಷ್ಮಿಯಿಂದ ನವರಾತ್ರಿಯವರೆಗೆ ಅರಿಸಿನ ಕುಂಕುಮದ ಜೊತೆ ಕೊಡುವ ಬ್ಲೌಸ್ ಪೀಸು ಎಷ್ಟು ಮನೆ ಸುತ್ತುತ್ತದೆ ಅಂತ ಅವಳನ್ನೇ ಕೇಳು. ಅದನ್ನು ಹೊಲಿಸಿದವರನ್ನು ನಾನಂತೂ ಕಂಡಿಲ್ಲ. ಮೂರನೇ ವರ್ಷ ಕೊಟ್ಟವರ ಮನೆಗೇ ಮರಳಿದ್ದೂ ಇದೆ. ಅದರ ಮುಂದೆ ಅರ್ಧ ಬೆಲೆಗೆ ಕೊಂಡ ಒಂದು ಒಳ್ಳೆಯ ಟವಲು ಎಷ್ಟೋ ಮೇಲು. ಗೀಟು ಎಳೆದ ಟ್ಯಾಗನ್ನು ಮಾತ್ರ ಕಿತ್ತು ಕೊಡು. ಎಷ್ಟು ಬೆಲೆಯದು ಗೊತ್ತಾ ಅಂತ ತೋರಿಸಲು ಬೇಕೆಂದೇ ಬಿಡುವವರಿದ್ದಾರೆ, ಅಂಥವರ ಸಾಲಿಗೆ ಸೇರಬೇಡ.

ಮಳಿಗೆಯ ಹುಡುಗಿಯರ ಹತ್ತಿರ ಚೌಕಾಸಿ ಮಾಡಬೇಡ, ಬೆಲೆ ಅವರ ಕೈಯಲ್ಲಿಲ್ಲ. ನೋಡಿದ್ದನ್ನು ಮಡಿಸಿ ಇಡು, ಇಲ್ಲದಿದ್ದರೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಆ ರಾಶಿಯನ್ನು ಮಡಿಸುವವರು ಅವರೇ. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡು, ಅದು ಅಲ್ಲಿಯ ಪದ್ಧತಿ, ಆದರೆ ಕೊನೆಯ ಹತ್ತು ರೂಪಾಯಿಗೆ ಜಗ್ಗಬೇಡ. ಹೊಲಿದವರ ಬಗ್ಗೆಯೂ ನೀನು ಕೇಳುತ್ತೀಯ, ನಿಮ್ಮ ಪೀಳಿಗೆ ಕೇಳುತ್ತದೆ, ಒಳ್ಳೆಯದೇ. ಮಿಕ್ಕಿದ ಅಂಗಿ ಅರ್ಧಕ್ಕೆ ಮಾರಿಹೋದರೆ ಹೊಲಿದವಳ ಕೂಲಿ ಅರ್ಧವಾಗುವುದಿಲ್ಲ. ಅದು ಅವಳಿಗೆ ಆಗಲೇ ಸಂದಿರುತ್ತದೆ. ಅವಳ ಮೇಲೆ ಒತ್ತಡ ಬೀಳುವುದು ಮೊದಲ ದಿನವೇ, ಪೀಸಿಗೆ ಇಷ್ಟೇ ಕೊಡುತ್ತೇವೆ ಅಂತ ಕೊಳ್ಳುವ ಕಂಪನಿ ಪಟ್ಟು ಹಿಡಿದಾಗ, ಗಂಟೆಗೆ ಇಷ್ಟು ಪೀಸು ಬೇಕು ಅಂತ ಸೂಪರ್‌ವೈಸರ್ ಕೂಗಿದಾಗ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ದುಡ್ಡು ತೆಗೆಯುವ ನಿಯಮ ಬದಲಾಯಿಸಲು ಹೊರಟಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ಹೆದ್ದಾರಿಗಳಲ್ಲಿ ಬಂದು ಕೂತರು. ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸು ತೆಗೆದುಕೊಂಡಿತು. ನಿನ್ನ ಕಪಾಟಿನಲ್ಲಿರುವ ಅಂಗಿಗಳಲ್ಲಿ ಕೆಲವನ್ನಾದರೂ ಅವರೇ ಹೊಲಿದಿದ್ದಾರು.

ಇನ್ನು ನೀನು ತಂದ ಮೂರು ಚೀಲ. ಬಿಲ್ಲು ಬಿಸಾಡಿಲ್ಲ ತಾನೇ? ಟ್ಯಾಗು ಕೀಳದ ಅಂಗಿಗಳನ್ನು ಹಾಗೇ ಇಡು. ಎಕ್ಸ್‌ಚೇಂಜಿಗೆ ಎಷ್ಟು ದಿನ ಅಂತ ಬಿಲ್ಲಿನ ಹಿಂದೆ ಓದು. ಶನಿವಾರ ನಾನು ಬರುತ್ತೇನೆ, ಒಂದೊಂದನ್ನೂ ಒಳಮೈ ತಿರುಗಿಸಿ ನೋಡೋಣ. ಯಾವುದು ಇರಬೇಕು, ಯಾವುದು ವಾಪಸು ಹೋಗಬೇಕು ಅಂತ ನೀನೇ ಹೇಳಬೇಕು, ನಾನು ಬಾಯಿ ಬಿಡುವುದಿಲ್ಲ. ಆಮೇಲೆ ಎಂಟನೇ ಕ್ರಾಸಿಗೆ ಹೋಗೋಣ, ನಿನ್ನ ಅಪ್ಪನಿಗೆ ಎರಡು ಅಂಗಿ ಬೇಕಂತೆ. ಸಂಜೆ ಕಾಲಿಡಲು ಜಾಗವಿರುವುದಿಲ್ಲ, ಊಟಕ್ಕೆ ಮುಂಚೆ ಮುಗಿಸಬೇಕು. ಅಪ್ಪನ ಕತ್ತಿನ ಸುತ್ತಳತೆ, ತೋಳಿನ ಉದ್ದ ಬರೆದುಕೊಂಡಿರು. ಟೇಪು ನಾನು ತರುತ್ತೇನೆ.